ಕಿಕ್ ಗುಂಯ್‌ಗುಟ್ಟುವುದೇಕೆ? ಮೊದಲ 60 ಮಿಲಿಸೆಕೆಂಡ್ ನೋಡಿ

ಪ್ರಶ್ನೆ: ವಿಜಯನಗರದಲ್ಲಿ ಮನೆಯ ಒಂದು ಕೋಣೆಯಲ್ಲಿ (ಹತ್ತಡಿಗೆ ಹತ್ತಡಿ) ಲ್ಯಾಪ್‌ಟಾಪ್ ಇಟ್ಟುಕೊಂಡು ಟ್ರ್ಯಾಕ್ ಮಾಡುತ್ತೇನೆ. 128 ಬಿಪಿಎಂ (ನಿಮಿಷಕ್ಕೆ 128 ಬೀಟ್), ಎ ಮೈನರ್. ಬೇಸ್ (ತಗ್ಗಿನ ಸ್ವರದ ಸಾಲು) ಎರಡು ಕಿಕ್‌ಗಳ (ದೊಡ್ಡ ಡ್ರಮ್ಮಿನಂಥ ಏಟುಗಳ) ನಟ್ಟನಡುವೆ ಬೀಳುತ್ತದೆ. ಸಿದ್ಧ ಸದ್ದುಗಳ ಸ್ಯಾಂಪಲ್ ಪ್ಯಾಕ್ ಬೇಡವೆಂದು ವೈಟಲ್ ಎಂಬ ಸಾಫ್ಟ್‌ವೇರ್ ಸಿಂಥ್‌ನಲ್ಲಿ ಸೈನ್ ವೇವ್ (ಒಂದೇ ಶುದ್ಧ ಸ್ವರದ ಅಲೆ) ಹಾಕಿ, ಪಿಚ್ ಎನ್ವಲಪ್ (ಸ್ವರ ಮೇಲಿನಿಂದ ಹೇಗೆ ಇಳಿಯಬೇಕೆಂದು ಹೇಳುವ ಗೆರೆ) 48 ಸೆಮಿಟೋನ್ ಕೊಟ್ಟು, 200 ಮಿಲಿಸೆಕೆಂಡಿನಲ್ಲಿ ಇಳಿಸಿದೆ. ಹೆಡ್‌ಫೋನ್‌ನಲ್ಲಿ ಪರವಾಗಿಲ್ಲ. ಗೆಳೆಯನ ಕಾರಿನಲ್ಲಿ ಬರೀ ಗುಂಯ್ ಗುಂಯ್, ಫೋನಿನಲ್ಲಿ ಕಿಕ್ ಇದೆಯೆಂದೇ ಗೊತ್ತಾಗುವುದಿಲ್ಲ. ಒಂದು ಏಟು ಗಟ್ಟಿ, ಇನ್ನೊಂದು ಮೆತ್ತಗೆ. ಈಕ್ಯೂನಲ್ಲಿ (ಬೇಕಾದ ಹರ್ಟ್ಸ್‌ನ ಸದ್ದನ್ನು ಏರಿಸಿ ಇಳಿಸುವ ಸಾಧನ) 60 ಹರ್ಟ್ಸ್ ಹತ್ತಿರ 6 ಡಿಬಿ ಎತ್ತಿದರೆ, ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಒದ್ದಾಡುತ್ತದೆ. 909 ಮಾದರಿಯ ಡ್ರಮ್ ಮಷೀನ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ದುಡ್ಡು ಜೇಬಿನಲ್ಲೇ ಇರಲಿ. ಮೊದಲು ಆ ಈಕ್ಯೂ ತೆಗೆದುಹಾಕಿ. 6 ಡಿಬಿ ಎಂದರೆ ಆ ಭಾಗದ ಅಲೆಯ ಎತ್ತರ ಎರಡರಷ್ಟಾಯಿತು. ಲಿಮಿಟರ್ ಒದ್ದಾಡದೆ ಇನ್ನೇನು ಮಾಡೀತು? ನೀವು ಒಂದೇ ರೋಗವೆಂದುಕೊಂಡಿರುವುದು ನಿಜಕ್ಕೂ ನಾಲ್ಕು: ಪಿಚ್ ನಿಧಾನವಾಗಿ ಇಳಿಯುತ್ತಿದೆ, ಫೇಸ್ (ಅಲೆ ಶುರುವಾಗುವ ಜಾಗ) ಪ್ರತಿ ಏಟಿಗೂ ಬೇರೆಯಾಗುತ್ತಿದೆ, ಮೇಲಿನ ಹಾರ್ಮೋನಿಕ್‌ಗಳೇ (ಮೂಲಸ್ವರದ ಎರಡು, ಮೂರು ಪಟ್ಟಿನ ಸ್ವರಗಳು) ಇಲ್ಲ, ಕೋಣೆ ಸುಳ್ಳು ಹೇಳುತ್ತಿದೆ. ಇವುಗಳಲ್ಲಿ ಮೊದಲನೆಯದೇ ದೊಡ್ಡದು. ಸಿಂಥ್‌ನಲ್ಲಿ ಹುಟ್ಟಿಸಿದ ಕಿಕ್‌ನ ಜೀವ ಇರುವುದು ಪಿಚ್ ಬೀಳುವ ವೇಗದಲ್ಲಿ. ಅಲ್ಲಿ ಕೆಟ್ಟದ್ದನ್ನು ಆಮೇಲೆ ಯಾವ ಪ್ಲಗಿನ್ನೂ ರಿಪೇರಿ ಮಾಡುವುದಿಲ್ಲ.

ಪಿಚ್ ಯಾಕೆ ಬೀಳಬೇಕು ಎನ್ನುವುದು ಚರ್ಮವಾದ್ಯ ನೋಡಿದವರಿಗೆ ಸುಲಭವಾಗಿ ಹೊಳೆಯುತ್ತದೆ. ತಮಟೆಯವರು ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸುತ್ತಾರಲ್ಲ, ಚರ್ಮ ಬಿಗಿಯಾದಷ್ಟೂ ಸ್ವರ ಮೇಲೇರುತ್ತದೆ. ಡೊಳ್ಳಿಗೆ ಜೋರಾಗಿ ಏಟು ಬಿದ್ದ ಕ್ಷಣದಲ್ಲೂ ಆಗುವುದು ಇದೇ: ಚರ್ಮ ಒಳಕ್ಕೆ ಬಾಗಿ ಹಿಗ್ಗುತ್ತದೆ, ಹಿಗ್ಗಿದಾಗ ಬಿಗಿ ಹೆಚ್ಚುತ್ತದೆ, ಸ್ವರ ಒಂದು ಕ್ಷಣ ಮೇಲಿರುತ್ತದೆ. ಕಂಪನ ಸಣ್ಣದಾಗುತ್ತ ಬಂದ ಹಾಗೆ ಬಿಗಿ ಮೊದಲಿನ ಮಟ್ಟಕ್ಕೆ ಇಳಿದು, ಸ್ವರವೂ ಇಳಿಯುತ್ತದೆ. ಕಿವಿಗೆ ಈ ಇಳಿತ ಸ್ವರವಾಗಿ ಕೇಳಿಸದು, ಏಟಿನ ಜೋರಾಗಿ ಕೇಳಿಸುತ್ತದೆ. ಪಿಚ್ ಎನ್ವಲಪ್ ಎಂದರೆ ಇದರ ಅಣಕು, ಸ್ವಲ್ಪ ಉತ್ಪ್ರೇಕ್ಷೆ ಮಾಡಿದ ಅಣಕು. ಇಳಿತ ಎಷ್ಟು ಬೇಗ ಮುಗಿದರೆ ಅಷ್ಟು ಬಿಗಿಯಾದ ಏಟು. ತಡವಾದರೆ ಕಿವಿ ಅದನ್ನು ಏಟೆಂದು ಒಪ್ಪದೆ ಜಾರುವ ಸ್ವರವೆಂದು ಗುರುತಿಸಿಬಿಡುತ್ತದೆ. ಆಗ ‘ಪ್ಯೂಂ’ ಎನ್ನುವ ವಿಡಿಯೊ ಗೇಮ್ ಸದ್ದು ಬರುತ್ತದೆ.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳಿ. 48 ಸೆಮಿಟೋನ್ ಎಂದರೆ ನಾಲ್ಕು ಆಕ್ಟೇವ್, ಅಂದರೆ 880 ಹರ್ಟ್ಸ್‌ನಿಂದ 55ಕ್ಕೆ ಇಳಿಯುವುದು. ಎನ್ವಲಪ್‌ನ ಇಳಿಜಾರು ನೇರ ಗೆರೆಯಾಗಿದ್ದರೆ, 350 ಹರ್ಟ್ಸ್‌ನಿಂದ 150ಕ್ಕೆ ಬರಲು ಅದೊಂದಕ್ಕೇ 61 ಮಿಲಿಸೆಕೆಂಡ್ ಹಿಡಿಯುತ್ತದೆ. ಖಾಲಿ ಎಣ್ಣೆ ಡಬ್ಬ ಬಡಿದಂಥ ಸದ್ದು ಇರುವ ಜಾಗ ಅದೇ. ಇಡೀ ಇಳಿತ 60 ಮಿಲಿಸೆಕೆಂಡಿನಲ್ಲಿ ಮುಗಿದರೆ ಆ ಜಾಗದಲ್ಲಿ ಕಳೆಯುವ ಹೊತ್ತು ಬರೀ 18. ಎಲ್ಲರೂ ‘300 ಹರ್ಟ್ಸ್ ಕತ್ತರಿಸಿ’ ಎನ್ನುತ್ತಾರೆ. ಮೈಕಿನಿಂದ ರೆಕಾರ್ಡ್ ಮಾಡಿದ ಡ್ರಮ್‌ಗೆ ಅದು ಸರಿಯಾದ ಮಾತು. ಸಿಂಥ್ ಕಿಕ್‌ನಲ್ಲಿ ಆ ಸದ್ದನ್ನು ಅಲ್ಲಿಟ್ಟವರು ನೀವೇ, ಈಕ್ಯೂನಿಂದ ಕತ್ತರಿಸುವ ಬದಲು ಅಲ್ಲಿ ನಿಲ್ಲುವ ಹೊತ್ತನ್ನೇ ಕಡಿಮೆ ಮಾಡಿ.

ಈಗ ಹೊಸದಾಗಿ ಕಟ್ಟೋಣ. ಪ್ಯಾಚ್ ಪೂರ್ತಿ ಅಳಿಸಿ ಶುರು ಮಾಡಿ.

ಸ್ವರದಿಂದ ಆರಂಭ. ನಿಮ್ಮ ಹಾಡು ಎ ಮೈನರ್, ಹಾಗಾಗಿ ಕಿಕ್‌ನ ಬಾಲ 55 ಹರ್ಟ್ಸ್‌ನಲ್ಲಿ ನಿಲ್ಲಲಿ. ಇಲ್ಲೊಂದು ಹೊಂಡವಿದೆ. 55 ಹರ್ಟ್ಸ್‌ನ ಮಿಡಿ ನೋಟ್ ಸಂಖ್ಯೆ 33. ಅದಕ್ಕೆ ಒಂದೊಂದು ಸಾಫ್ಟ್‌ವೇರ್ ಒಂದೊಂದು ಹೆಸರಿಡುತ್ತದೆ: ಏಬಲ್ಟನ್‌ನಲ್ಲಿ ಎ0, ಎಫ್‌ಎಲ್ ಸ್ಟುಡಿಯೊದಲ್ಲಿ ಎ2, ಭೌತಶಾಸ್ತ್ರದ ಪುಸ್ತಕದಲ್ಲಿ ಎ1. ವಿಡಿಯೊ ನೋಡಿ ‘ಎ1 ಹಾಕಿ’ ಎಂದಿದ್ದನ್ನು ಹಾಗೇ ಹಾಕಿದವರ ಕಿಕ್ ಒಂದು ಆಕ್ಟೇವ್ ಮೇಲೋ ಕೆಳಗೋ ಹೋಗಿರುತ್ತದೆ. ಸಂಖ್ಯೆಯನ್ನು ನಂಬಿ, ಹೆಸರನ್ನಲ್ಲ. ಬೇರೆ ಸ್ಕೇಲ್‌ನಲ್ಲಿ ಮಾಡುವಾಗಲೂ ಬಾಲವನ್ನು 40ರಿಂದ 65 ಹರ್ಟ್ಸ್ ನಡುವೆ ಇಟ್ಟುಕೊಳ್ಳಿ. ಹಾಡು ಸಿ ಆದರೆ ಷಡ್ಜ 32.7 ಹರ್ಟ್ಸ್, ಅದು ಬಹುತೇಕ ಪಬ್‌ಗಳ ಸಬ್‌ವೂಫರ್‌ಗಳಿಗೆ ಭಾರ. ಪಂಚಮಕ್ಕೆ, ಅಂದರೆ ಜಿ ಸ್ವರದ 49 ಹರ್ಟ್ಸ್‌ಗೆ ಹೋಗಿ, ಇಲ್ಲವೇ 65.4ಕ್ಕೆ ಏರಿ. ಮೃದಂಗವನ್ನು ಹಾಡುವವರ ಷಡ್ಜಕ್ಕೆ ಕೂಡಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಫೇಸ್. ವೈಟಲ್‌ನಲ್ಲಿ ಅಲೆ ಹುಟ್ಟಿಸುವ ಆಸಿಲೇಟರ್‌ನ ಫೇಸ್ ಪಕ್ಕದಲ್ಲಿ ಒಂದು ಶೇಕಡಾ ಅಂಕಿ ಇರುತ್ತದೆ, ಮೊದಲಿಗೆ ಅದು 100 ಎಂದಿರುತ್ತದೆ. ಅದರರ್ಥ, ಪ್ರತಿ ನೋಟ್‌ಗೂ ಅಲೆ ಎಲ್ಲಿಂದಲೋ ಶುರುವಾಗುತ್ತದೆ. ಪ್ಯಾಡ್‌ಗೆ ಅದು ಚಂದ, ಕಿಕ್‌ಗೆ ಶನಿ. ಅಲೆ ಒಮ್ಮೆ ಸೊನ್ನೆಯಿಂದ ಹೊರಟರೆ ಒಮ್ಮೆ ತುದಿಯಿಂದ ಹೊರಡುತ್ತದೆ. ತುದಿಯಿಂದ ಹೊರಟಾಗ ‘ಟಕ್’ ಎನ್ನುವ ಕ್ಲಿಕ್, ಸೊನ್ನೆಯಿಂದ ಹೊರಟಾಗ ಮೆತ್ತಗೆ. ನಿಮ್ಮ ‘ಒಂದು ಗಟ್ಟಿ, ಒಂದು ಮೆತ್ತಗೆ’ಗೆ ಕಾರಣ ಇಷ್ಟೇ. ಅದನ್ನು 0 ಮಾಡಿ. ವೈಟಲ್ ಬದಲು ಸರ್ಜ್ ಎಕ್ಸ್‌ಟಿ ಸಿಂಥ್ ಬಳಸುವವರು ಆಸಿಲೇಟರ್‌ನ ರಿಟ್ರಿಗರ್ ಹಾಕಬೇಕು. ಬಳಿಕ ಒಂದು ಏಟನ್ನು ರೆಂಡರ್ ಮಾಡಿ (ಆಡಿಯೊ ಫೈಲ್ ಆಗಿಸಿ), ಹಿಗ್ಗಿಸಿ ನೋಡಿ. ಅಲೆ ಸೊನ್ನೆಯ ಗೆರೆಯಿಂದ ಹೊರಡುವವರೆಗೆ ಫೇಸ್ ಡಿಗ್ರಿಯನ್ನು ತಿರುಗಿಸಿ. ವಾಯ್ಸ್ ಸಂಖ್ಯೆಯನ್ನು 1 ಮಾಡಿ, ರಿವರ್ಬ್, ಕೋರಸ್ ಎಲ್ಲ ಬಂದ್.

ಪಿಚ್‌ಗೆ ಎರಡು ಎನ್ವಲಪ್ ಬೇಕು, ಒಂದರಿಂದ ಕೆಲಸ ಆಗುವುದಿಲ್ಲ. ಮೊದಲನೆಯದು 24 ಸೆಮಿಟೋನ್, ಡಿಕೇ (ಇಳಿಯುವ ಹೊತ್ತು) 60 ಮಿಲಿಸೆಕೆಂಡ್. ಎರಡನೆಯದೂ 24 ಸೆಮಿಟೋನ್, ಡಿಕೇ ಬರೀ 8ರಿಂದ 10. ಎರಡಕ್ಕೂ ಅಟ್ಯಾಕ್ (ಏರುವ ಹೊತ್ತು) ಸೊನ್ನೆ, ಸಸ್ಟೇನ್ (ಇಳಿದ ಮೇಲೆ ನಿಲ್ಲುವ ಮಟ್ಟ) ಸೊನ್ನೆ. ಎರಡೂ ಸೇರಿ 880 ಹರ್ಟ್ಸ್‌ನಿಂದ ಹೊರಟು, ಮೊದಲ ಹತ್ತು ಮಿಲಿಸೆಕೆಂಡಿನಲ್ಲೇ 220ರಿಂದ ಕೆಳಗಿಳಿದು, ಉಳಿದ ಐವತ್ತರಲ್ಲಿ 55ಕ್ಕೆ ಬಂದು ಕೂರುತ್ತದೆ. ಚೂಪು ಎರಡನೆಯದರ ಕೆಲಸ, ಎದೆಗೆ ಗುದ್ದುವುದು ಮೊದಲನೆಯದರ ಕೆಲಸ. ಎರಡನ್ನೂ ಬೇರೆಬೇರೆಯಾಗಿ ತಿದ್ದಬಹುದು, ಅದೇ ಲಾಭ. ಡಿಕೇಯ ಇಳಿಜಾರನ್ನು ಒಳಕ್ಕೆ ಬಾಗಿಸಿ: ಮೊದಲು ದಬಕ್ಕನೆ ಬಿದ್ದು, ಆಮೇಲೆ ನಿಧಾನವಾಗಿ ನೆಲ ಮುಟ್ಟುವ ಹಾಗೆ. ಆದರೆ ತೀರಾ ಬಾಗಿಸಬೇಡಿ. ಸೆಮಿಟೋನ್ ಅಳತೆಯಲ್ಲೇ ಒಂದು ಬಾಗು ಆಗಲೇ ಅಡಗಿದೆ. ಸೆಮಿಟೋನ್‌ನಲ್ಲಿ ನೇರವಾಗಿ ಕಾಣುವ ಗೆರೆ ಹರ್ಟ್ಸ್‌ನಲ್ಲಿ ನೋಡಿದರೆ ಕಡಿದಾದ ಇಳಿಜಾರು. ಅದರ ಮೇಲೆ ಇನ್ನೂ ಬಾಗಿಸಿದರೆ ಇಡೀ ಇಳಿತ 15 ಮಿಲಿಸೆಕೆಂಡಿನೊಳಗೆ ಮುಗಿದು, ಕಿಕ್‌ಗೆ ತಲೆಯೂ ಬಾಲವೂ ಇರುತ್ತದೆ, ಹೊಟ್ಟೆ ಇರುವುದಿಲ್ಲ.

ರೆಂಡರ್ ಮಾಡಿದ ಅಲೆಯನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ. ಮೊದಲ ಕೆಲವು ಮಿಲಿಸೆಕೆಂಡ್ ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ, ಆಮೇಲೆ ಒಂದೊಂದೇ ಅಲೆ ಅಗಲವಾಗುತ್ತ ಹೋಗಿ, ಕೊನೆಗೆ ಒಂದೇ ಸಮನಾದ ಗುಡ್ಡಗಳ ಸಾಲು. ಆ ಕೊನೆಯ ಗುಡ್ಡಗಳಲ್ಲಿ ಎರಡರ ನೆತ್ತಿಯ ನಡುವಿನ ದೂರ ಅಳೆಯಿರಿ. 18.2 ಮಿಲಿಸೆಕೆಂಡ್, 44,100ರ ದರದಲ್ಲಿ ಹೆಚ್ಚುಕಡಿಮೆ 802 ಸ್ಯಾಂಪಲ್ ಇದ್ದರೆ ಬಾಲ 55 ಹರ್ಟ್ಸ್‌ನಲ್ಲಿದೆ ಎಂದು ಲೆಕ್ಕ. ಸ್ಪೆಕ್ಟ್ರಂ ಅನಲೈಸರ್‌ಗಿಂತ ಇದು ನಂಬಿಕಸ್ಥ. ಅನಲೈಸರ್‌ನ ಎಫ್‌ಎಫ್‌ಟಿ ಗಾತ್ರ (ಅದು ಒಮ್ಮೆಗೆ ಅಳೆಯುವ ಸ್ಯಾಂಪಲ್‌ಗಳ ಸಂಖ್ಯೆ) 4096 ಆಗಿದ್ದರೆ ಅದರ ಒಂದೊಂದು ಕಂಬ 10.8 ಹರ್ಟ್ಸ್ ಅಗಲ. 55ಕ್ಕೂ 60ಕ್ಕೂ ವ್ಯತ್ಯಾಸ ಅದಕ್ಕೆ ಕಾಣುವುದೇ ಇಲ್ಲ. ನೋಡಲೇಬೇಕೆಂದಿದ್ದರೆ 16384 ಮಾಡಿ, ಕಂಬ 2.7 ಹರ್ಟ್ಸ್‌ಗೆ ಸಣ್ಣದಾಗುತ್ತದೆ.

ಇನ್ನು ವಾಲ್ಯೂಮ್ ಎನ್ವಲಪ್. 128 ಬಿಪಿಎಂನಲ್ಲಿ ಒಂದು ಬೀಟ್ 468.75 ಮಿಲಿಸೆಕೆಂಡ್. ನಿಮ್ಮ ಬೇಸ್ ನಡುವೆ ಬೀಳುವುದರಿಂದ ಅದು ಹುಟ್ಟುವುದು 234ರಲ್ಲಿ. ಕಿಕ್ ಅಷ್ಟರೊಳಗೆ ಮನೆ ಸೇರಬೇಕು. ಅಟ್ಯಾಕ್ ಅರ್ಧ ಮಿಲಿಸೆಕೆಂಡ್, ಹೋಲ್ಡ್ (ಇಳಿಯುವ ಮುಂಚೆ ತುದಿಯಲ್ಲಿ ನಿಲ್ಲುವ ಹೊತ್ತು) 40, ಡಿಕೇ 180, ಸಸ್ಟೇನ್ ಸೊನ್ನೆ, ರಿಲೀಸ್ (ನೋಟ್ ಮುಗಿದ ಮೇಲೆ ಆರುವ ಹೊತ್ತು) 10. ಹೋಲ್ಡ್ ಇಲ್ಲದಿದ್ದರೆ ಪಿಚ್ ಇಳಿಯುವಷ್ಟರಲ್ಲೇ ಸದ್ದೂ ಇಳಿದು, ಗುದ್ದು ಅರ್ಧದಲ್ಲೇ ಸೋರಿಹೋಗುತ್ತದೆ. ಮಿಡಿ ಕ್ಲಿಪ್‌ನಲ್ಲಿ ನೋಟ್‌ನ ಉದ್ದವನ್ನೂ ನೋಡಿಕೊಳ್ಳಿ. ಹದಿನಾರನೇ ನೋಟ್ ಬರೆದಿದ್ದರೆ 117 ಮಿಲಿಸೆಕೆಂಡಿಗೇ ಕೈ ಎತ್ತಿದಂತಾಗಿ ರಿಲೀಸ್ ಶುರು. ಡಿಕೇ 180 ಇಟ್ಟರೂ 300 ಇಟ್ಟರೂ ಏನೂ ಬದಲಾಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವವರಲ್ಲಿ ಅರ್ಧದಷ್ಟು ಜನರ ಕಥೆ ಇದೇ. ಎಂಟನೇ ನೋಟ್ ಬರೆಯಿರಿ.

ಬರೀ ಸೈನ್ ಕೇಳುವುದಕ್ಕೆ ಸ್ವಲ್ಪ ಪ್ಲಾಸ್ಟಿಕ್ ಎನಿಸುತ್ತದೆ. ಚರ್ಮದ ಸ್ಪರ್ಶ ಬೇಕಿದ್ದರೆ ಎರಡನೇ ಆಸಿಲೇಟರ್‌ನಲ್ಲಿ ಇನ್ನೊಂದು ಸೈನ್ ಹಾಕಿ, 8 ಸೆಮಿಟೋನ್ ಮೇಲಿಡಿ. ಈ 8 ಎಲ್ಲಿಂದ ಬಂತು? ಸಾಮಾನ್ಯ ದುಂಡು ಚರ್ಮ ಕಂಪಿಸುವಾಗ ಮೂಲಸ್ವರದ ಮೇಲೆ ಹುಟ್ಟುವ ಸ್ವರಗಳು 1.59, 2.14, 2.30 ಪಟ್ಟು ಹೀಗೆ ಅಡ್ಡಾದಿಡ್ಡಿ ಇರುತ್ತವೆ. 1.59 ಪಟ್ಟು ಎಂದರೆ 8 ಸೆಮಿಟೋನ್ ಹತ್ತಿರ. ಡೊಳ್ಳಿಗೆ ಇಂಥದ್ದೇ ಎಂಬ ಸ್ವರ ಹೇಳಲಾಗದಿರುವುದು ಈ ಅಡ್ಡಾದಿಡ್ಡಿಯಿಂದಲೇ. ಮೃದಂಗದ ಬಲ ಮುಖದಲ್ಲಿ ಕಪ್ಪು ಕರಣೆ ಇರುವುದರಿಂದ ಅವು ಪೂರ್ಣಾಂಕದ ಪಟ್ಟುಗಳಿಗೆ ಬಂದು ಕೂರುತ್ತವೆ. ಇದನ್ನು ಸಿ.ವಿ. ರಾಮನ್ 1920ರಲ್ಲೇ ತೋರಿಸಿದ್ದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ, ಇಲ್ಲಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಮತ್ತೆ ವಿಸ್ತಾರವಾಗಿ ಬರೆದರು. ಕಿಕ್‌ಗೆ ನಮಗೆ ಬೇಕಾಗಿರುವುದು ಮೃದಂಗದ ಶ್ರುತಿಯಲ್ಲ, ಡೊಳ್ಳಿನ ಒರಟು. ಆದ್ದರಿಂದ ಆ ಎರಡನೇ ಸೈನ್ ಮೊದಲನೆಯದಕ್ಕಿಂತ 15 ಡಿಬಿ ಕೆಳಗಿರಲಿ, 60 ಮಿಲಿಸೆಕೆಂಡಿನಲ್ಲಿ ಸತ್ತುಹೋಗಲಿ. ಅದಕ್ಕಿಂತ ಹೊತ್ತು ಉಳಿದರೆ ಬಾಲದಲ್ಲಿ ಅಪಶ್ರುತಿ ಕೇಳುತ್ತದೆ.

ಕ್ಲಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಜನ ಅದಕ್ಕೆ ಕೊಡುವ ಹೊತ್ತೇ ಜಾಸ್ತಿ. ನಾಯ್ಸ್ ಆಸಿಲೇಟರ್, 2,500 ಹರ್ಟ್ಸ್‌ನ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ತೆಗೆಯುವ ಫಿಲ್ಟರ್), 6 ಮಿಲಿಸೆಕೆಂಡ್ ಡಿಕೇ, ಮೈಗಿಂತ 15 ಡಿಬಿ ಕೆಳಗೆ. ಫೋನಿನಲ್ಲಿ ತಮಟೆಯ ಕೋಲಿನೇಟನ್ನು ರೆಕಾರ್ಡ್ ಮಾಡಿ ಅದರ ಮೊದಲ 8 ಮಿಲಿಸೆಕೆಂಡ್ ಕತ್ತರಿಸಿ ಅಂಟಿಸಿದರೂ ಆದೀತು. ಯಾರ ಪ್ಯಾಕ್‌ನಲ್ಲೂ ಸಿಗದ ತಲೆ ನಿಮ್ಮ ಕಿಕ್‌ಗೆ ಸಿಗುತ್ತದೆ.

ಫೋನಿನ ಸಮಸ್ಯೆಗೆ ಬರೋಣ. ಫೋನಿನ ಸ್ಪೀಕರ್‌ನಲ್ಲಿ 200 ಹರ್ಟ್ಸ್ ಕೆಳಗೆ ಹೇಳಿಕೊಳ್ಳುವಂಥದ್ದೇನೂ ಬರುವುದಿಲ್ಲ. 55ನ್ನು ಎಷ್ಟೇ ಎತ್ತಿದರೂ ಅಲ್ಲಿ ಸೊನ್ನೆ ಸೊನ್ನೆಯೇ. ಆದರೆ ಕಿವಿಗೊಂದು ಅಭ್ಯಾಸವಿದೆ: 165, 220, 275, 330 ಹೀಗೆ 55ರ ಮಗ್ಗಿಯ ಮೇಲಿನ ಸಾಲುಗಳು ಕೇಳಿದರೆ, ಕೇಳದ 55ನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಆ ಸಾಲುಗಳನ್ನು ಹುಟ್ಟಿಸುವುದು ಸ್ಯಾಚುರೇಶನ್, ಅಂದರೆ ಅಲೆಯ ನೆತ್ತಿಯನ್ನು ಒತ್ತಿ ಚಪ್ಪಟೆ ಮಾಡುವುದು. ಸಾಫ್ಟ್ ಕ್ಲಿಪ್ ಹಾಕಿ 4ರಿಂದ 6 ಡಿಬಿ ಡ್ರೈವ್ ಕೊಡಿ. ಎರಡೂ ಕಡೆ ಸಮನಾಗಿ ಕತ್ತರಿಸುವ ಕ್ಲಿಪ್ಪರ್‌ನಿಂದ 165, 275ರಂಥ ಬೆಸ ಪಟ್ಟುಗಳು ಮಾತ್ರ ಹುಟ್ಟುತ್ತವೆ. ಒಂದು ಕಡೆ ಹೆಚ್ಚು ಕತ್ತರಿಸುವಂಥದ್ದಾದರೆ 110, 220 ಕೂಡ ಬಂದು ಸದ್ದು ತುಂಬಿಕೊಳ್ಳುತ್ತದೆ, ಜೊತೆಗೆ ಡಿಸಿ ಕೂಡ ಬರುತ್ತದೆ. ಅಂದರೆ ಇಡೀ ಅಲೆ ಸೊನ್ನೆಯ ಗೆರೆಯಿಂದ ಮೇಲಕ್ಕೋ ಕೆಳಕ್ಕೋ ಸರಿದು ಕೂರುತ್ತದೆ. ಅದನ್ನು ತೆಗೆಯಲು 20 ಹರ್ಟ್ಸ್‌ನಲ್ಲಿ 12 ಡಿಬಿಯ ಮೆದು ಹೈಪಾಸ್ ಸಾಕು. ಅಲ್ಲಿ ಆಸೆಬುರುಕರಾಗಿ 35 ಹರ್ಟ್ಸ್‌ಗೆ 48 ಡಿಬಿಯ ಕಡಿದಾದ ಹೈಪಾಸ್ ಹಾಕಿದರೆ 55ರ ಸುತ್ತಲಿನ ಫೇಸ್ ತಿರುಚಿಕೊಂಡು ಏಟಿನ ಅಂಚು ಮಸುಕಾಗುತ್ತದೆ. ಸದ್ದು ಕಡಿಮೆಯಾಗಬೇಕಿದ್ದಲ್ಲಿ ಪೀಕ್ ಮಾತ್ರ ಏರಿ ಕೂರುತ್ತದೆ. ಹೈಪಾಸ್ ಹಾಕಿದ ಮೇಲೆ ಮೀಟರ್ ಯಾಕೆ ಏರಿತು ಎಂದು ಕೇಳುವವರಿಗೆ ಇದೇ ಉತ್ತರ.

ಸ್ಯಾಚುರೇಶನ್ ಎಲ್ಲಿ ಕೂರುತ್ತದೆ ಎನ್ನುವುದೂ ಮುಖ್ಯ. ವಾಲ್ಯೂಮ್ ಎನ್ವಲಪ್ ಆದ ಮೇಲೆ ಇಟ್ಟರೆ, ಏಟು ಜೋರಿರುವಾಗ ಒರಟು, ಬಾಲ ಇಳಿಯುತ್ತ ಹೋದಂತೆ ಶುದ್ಧ ಸೈನ್. ಹೌಸ್, ಟೆಕ್ನೋಗೆ ಇದು ಒಪ್ಪುತ್ತದೆ. ಎನ್ವಲಪ್‌ಗಿಂತ ಮುಂಚೆ ಇಟ್ಟರೆ ಬಾಲ ಕೊನೆಯವರೆಗೂ ಒರಟಾಗಿಯೇ ಉಳಿಯುತ್ತದೆ. ಗಡುಸು ಪ್ರಕಾರಗಳವರಿಗೆ ಅದು ಬೇಕಾಗಬಹುದು, ನಿಮಗೆ ಬೇಡ. ವೈಟಲ್‌ನ ಡಿಸ್ಟಾರ್ಶನ್ ಎಫೆಕ್ಟ್ ಎನ್ವಲಪ್ ಆದ ಮೇಲೇ ಇರುವುದರಿಂದ ನೀವೇನೂ ಮಾಡಬೇಕಿಲ್ಲ.

ಜೋರಾದ ಸದ್ದನ್ನು ತಗ್ಗಿಸಿ ಸಮ ಮಾಡುವ ಕಂಪ್ರೆಸರ್ ಹಾಕಲೇಬೇಕೆಂಬ ವ್ರತ ಯಾಕೋ ಎಲ್ಲರಿಗೂ ಅಂಟಿಕೊಂಡಿದೆ. ಎನ್ವಲಪ್ ಕೈಯಲ್ಲೇ ಇರುವಾಗ ಕಿಕ್‌ಗೆ ಕಂಪ್ರೆಸರ್ ಬೇಕಿಲ್ಲ, ಹೋಲ್ಡ್ ಹೆಚ್ಚಿಸಿದರೆ ಅದೇ ಕೆಲಸ ಆಗುತ್ತದೆ. ಆದರೂ ಹಾಕುವುದಾದರೆ ಅಟ್ಯಾಕ್ 25 ಮಿಲಿಸೆಕೆಂಡಿಗಿಂತ ಕಡಿಮೆ ಬೇಡ. 55 ಹರ್ಟ್ಸ್‌ನ ಒಂದು ಅಲೆಯೇ 18 ಮಿಲಿಸೆಕೆಂಡ್. ಅಟ್ಯಾಕ್, ರಿಲೀಸ್ ಎರಡೂ ಅದಕ್ಕಿಂತ ಚುರುಕಾದರೆ ಕಂಪ್ರೆಸರ್ ಏಟನ್ನು ಬಿಟ್ಟು ಒಂದೊಂದು ಅಲೆಯ ಬೆನ್ನು ಹತ್ತಿ ಅದರ ಆಕಾರವನ್ನೇ ಕೆಡಿಸುತ್ತದೆ.

ಈಗ ಬೇಸ್. ಕಾರಿನಲ್ಲಿ ಕೇಳಿದ ಗುಂಯ್‌ನಲ್ಲಿ ಅರ್ಧ ಪಾಲು ಇದರದ್ದೇ ಇರಬೇಕು. ಕಿಕ್‌ನ ಬಾಲವೂ ಬೇಸ್‌ನ ಮೂಲಸ್ವರವೂ 55 ಹರ್ಟ್ಸ್. ಎರಡೂ ಒಟ್ಟಿಗೆ ಕೇಳುವ ಹೊತ್ತಿನಲ್ಲಿ ಅಲೆಗಳು ಒಂದೇ ದಿಕ್ಕಿನಲ್ಲಿದ್ದರೆ 6 ಡಿಬಿ ಉಬ್ಬುತ್ತದೆ, ಎದುರುಬದುರಾದರೆ ಎರಡೂ ಮಾಯ. ಹಿಂದಿನ ಪ್ಯಾಚ್‌ನಲ್ಲಿ ಫೇಸ್ ಮನಸ್ಸಿಗೆ ಬಂದ ಹಾಗೆ ತಿರುಗುತ್ತಿದ್ದುದರಿಂದ ಒಂದು ಬೀಟ್ ಉಬ್ಬಿ, ಮುಂದಿನದು ಮಾಯವಾಗುತ್ತಿತ್ತು. ಈಗ ಬಾಲವನ್ನು 220 ಮಿಲಿಸೆಕೆಂಡಿಗೇ ನಿಲ್ಲಿಸಿದ್ದರಿಂದ ಬಹುಪಾಲು ಜಗಳ ಮುಗಿದಿದೆ. ಬೇಸ್ ಆಸಿಲೇಟರ್‌ನ ಫೇಸ್ ಅಂಕಿಯನ್ನೂ 0 ಮಾಡಿ. ಬೇಸ್‌ನ ನೋಟ್ ಮುಂದಿನ ಕಿಕ್ ಬರುವ 10 ಮಿಲಿಸೆಕೆಂಡ್ ಮೊದಲೇ ಮುಗಿಯಲಿ. ಮುಂದೆ ಯಾವಾಗಲಾದರೂ ಬೇಸನ್ನು ಉದ್ದವಾಗಿ ಎಳೆಯುವ ಟ್ರ್ಯಾಕ್ ಮಾಡಿದರೆ ಆಗ ಸೈಡ್‌ಚೈನ್ (ಕಿಕ್ ಬಿದ್ದಾಗೆಲ್ಲ ಬೇಸನ್ನು ತಗ್ಗಿಸುವ ವ್ಯವಸ್ಥೆ) ಹಾಕಿ, ಬೇಸ್ ತಗ್ಗಿ ಮೇಲೇಳುವ ಹೊತ್ತು 120 ಮಿಲಿಸೆಕೆಂಡಿನ ಆಸುಪಾಸು ಇಡಿ. ಕಿಕ್, ಬೇಸ್ ಎರಡೂ ಒಟ್ಟಿಗೆ ಮೊಳಗುವ ಜಾಗವಿದ್ದರೆ ಎರಡನ್ನೂ ಮೋನೋದಲ್ಲಿ ಹಾಕಿ, ಬೇಸ್‌ನ ಪೊಲಾರಿಟಿ ಒಮ್ಮೆ ತಿರುವಿ (ಅಲೆಯನ್ನು ತಲೆಕೆಳಗು ಮಾಡಿ) ನೋಡಿ. ಯಾವ ದಿಕ್ಕಿನಲ್ಲಿ ಕೆಳಗಿನ ಸದ್ದು ತುಂಬಿ ಕೇಳುತ್ತದೋ ಅದನ್ನೇ ಉಳಿಸಿಕೊಳ್ಳಿ. ಇದಕ್ಕೆ ಬೇರೆ ಪ್ಲಗಿನ್ ಬೇಡ.

ಮಿಕ್ಸ್ ಶುರು ಮಾಡುವಾಗ ಕಿಕ್‌ನ ಪೀಕ್ ಮೈನಸ್ 8 ಡಿಬಿ ಹತ್ತಿರವಿರಲಿ. ಉಳಿದದ್ದನ್ನೆಲ್ಲ ಅದರ ಸುತ್ತ ಕೂರಿಸಿ.

ಕೊನೆಗೆ ಕೋಣೆ. ಇದನ್ನು ಓದಿ ಬೇಸರ ಮಾಡಿಕೊಳ್ಳಬೇಡಿ. ಹತ್ತಡಿ ಎಂದರೆ 3.05 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಎದುರುಬದುರಿನ ಎರಡು ಗೋಡೆಗಳ ನಡುವೆ ಮೊದಲು ನಿಲ್ಲುವ ಅಲೆಯ ಲೆಕ್ಕ ಹಾಕಿದರೆ 56 ಹರ್ಟ್ಸ್ ಬರುತ್ತದೆ. ನಿಮ್ಮ ಕಿಕ್ 55. ಕೋಣೆ ಚೌಕವಾಗಿರುವುದರಿಂದ ಉದ್ದದಲ್ಲೂ ಅದೇ 56, ಅಗಲದಲ್ಲೂ ಅದೇ. ಚಾವಣಿಯೂ ಹತ್ತಡಿ ಎತ್ತರದಲ್ಲಿದ್ದರೆ ಮೂರನೇ ಸಲವೂ ಅದೇ. ಮೂಲೆಯಲ್ಲಿ ನಿಂತರೆ ಕಿಕ್ ಗುಡುಗುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಅದೇ ಕಿಕ್ ಕಾಣೆಯಾಗುತ್ತದೆ. ನೀವು ಮೇಜನ್ನು ನಡುವೆ ಹಾಕಿಕೊಂಡಿದ್ದರೆ ಇಲ್ಲದ ಕೊರತೆಯನ್ನು ತುಂಬಲು 60 ಹರ್ಟ್ಸ್ ಎತ್ತಿದ್ದೀರಿ, ಅದನ್ನು ಕಾರು ಬಯಲು ಮಾಡಿದೆ. ಪರೀಕ್ಷೆ ಸುಲಭ: 55 ಹರ್ಟ್ಸ್‌ನ ಸೈನ್ ಸಣ್ಣಗೆ ಹಾಕಿಟ್ಟು ಗೋಡೆಯಿಂದ ಗೋಡೆಗೆ ನಡೆಯಿರಿ. ಸದ್ದು ಎಲ್ಲಿ ಇಂಗಿಹೋಗುತ್ತದೋ ಅಲ್ಲಿ ಕುರ್ಚಿ ಹಾಕಬೇಡಿ. ಗೋಡೆಗೆ ಅಂಟಿಸುವ ಎರಡಿಂಚಿನ ಫೋಮ್ ಹಾಳೆಗಳು ಈ ಕೆಲಸಕ್ಕೆ ಬರುವುದಿಲ್ಲ. 56 ಹರ್ಟ್ಸ್‌ನ ಅಲೆ ಆರು ಮೀಟರ್ ಉದ್ದ, ಅದಕ್ಕೆ ಎರಡಿಂಚು ಲೆಕ್ಕಕ್ಕೇ ಇಲ್ಲ. ಮೂಲೆಗಳಲ್ಲಿ ಹಳೆಯ ಹತ್ತಿ ಹಾಸಿಗೆಗಳನ್ನು ಸುತ್ತಿ ನೆಲದಿಂದ ಚಾವಣಿಯವರೆಗೆ ನಿಲ್ಲಿಸಿದರೆ ಸ್ವಲ್ಪ ಗುಣ ಕಾಣಬಹುದು. ಆದರೂ 100 ಹರ್ಟ್ಸ್ ಕೆಳಗಿನ ತೀರ್ಮಾನಗಳನ್ನು ಹೆಡ್‌ಫೋನ್‌ನಲ್ಲೇ ಮಾಡಿ. ಕೆಳಗಿನ ಮನೆಯವರಿಗೂ ಅದೇ ಕ್ಷೇಮ, ಕಿಕ್‌ನ ಬಾಲ ಗೋಡೆಗಿಂತ ಸ್ಲ್ಯಾಬ್‌ನಲ್ಲೇ ಚೆನ್ನಾಗಿ ಹರಿಯುತ್ತದೆ.

ಸ್ಪೀಕರ್‌ನಲ್ಲಿ ಕೇಳುವಾಗ ಇನ್ನೊಂದು: ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ ಸಣ್ಣ ಹಮ್ಮಿಂಗ್ ಬರುತ್ತಿದೆಯೇ ನೋಡಿ. ನಮ್ಮ ಕರೆಂಟು 50 ಹರ್ಟ್ಸ್, ಆ ಹಮ್ 50ರಲ್ಲೂ 100ರಲ್ಲೂ ಕೂತು ಕಿಕ್‌ನ ಬಾಲವನ್ನು ಮುಚ್ಚಿಬಿಡುತ್ತದೆ. ಬಾಲ ಎಲ್ಲಿ ಮುಗಿಯುತ್ತದೆ ಎಂದು ಕೇಳುವಾಗ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೇಳಿ.

ಮಷೀನ್ ಕೊಳ್ಳುವ ಪ್ರಶ್ನೆ. ರೋಲಂಡ್ ಕಂಪನಿಯ 909 ಬಂದದ್ದು 1983ರಲ್ಲಿ. ಅದರ ಸಿಂಬಲ್, ಹೈಹ್ಯಾಟ್ ಸ್ಯಾಂಪಲ್‌ಗಳಾದರೂ ಕಿಕ್ ಪೂರ್ತಿ ಅನಲಾಗ್. ಅದರಲ್ಲೂ ಇರುವುದು ಇದೇ ಸಾಮಾನು: ಒಂದು ಆಸಿಲೇಟರ್, ಪಿಚ್ ಇಳಿಸುವ ಎನ್ವಲಪ್, ಪ್ರತ್ಯೇಕ ಕ್ಲಿಕ್. ಅದರ ಕಿಕ್‌ಗೆ ಟ್ಯೂನ್ ಎಂಬ ತಿರುಗಿಸುವ ಗುಂಡಿ ಇದೆ. ಹೆಸರು ನೋಡಿ ಮೂಲಸ್ವರ ಬದಲಾಗುತ್ತದೆ ಎಂದುಕೊಳ್ಳುತ್ತಾರೆ, ಅದು ತಿರುಗಿಸುವುದು ಪಿಚ್ ಇಳಿಯುವ ಹೊತ್ತನ್ನು. ಆ ಮಷೀನಿನ ವಿನ್ಯಾಸಕರಿಗೂ ತಿರುಗಿಸಲು ಯೋಗ್ಯವೆನಿಸಿದ್ದು ನಾವು ಮೇಲೆ 60 ಮಿಲಿಸೆಕೆಂಡ್ ಎಂದು ಹಿಡಿದುಕೊಂಡ ಜಾಗವೇ. ನಿಮ್ಮ ವೈಟಲ್‌ನಲ್ಲಿ ಅದು ಉಚಿತವಾಗಿಯೇ ಇದೆ.

ಕೈಗೆ ಬೆಸುಗೆ ಹತ್ತಿಸಿಕೊಳ್ಳುವ ಆಸೆ ಇದ್ದರೆ ಮಾತ್ರ 909 ಬಿಟ್ಟು ರೋಲಂಡ್‌ನದೇ 808ರ ದಾರಿ ಹಿಡಿಯಿರಿ. 1980ರ ಆ ಮಷೀನಿನ ಕಿಕ್‌ನಲ್ಲಿ ಸದಾ ಓಡುವ ಆಸಿಲೇಟರ್ ಇಲ್ಲ. ಗಂಟೆ ಹೊಡೆದಂತೆ ಒಂದು ಸರ್ಕ್ಯೂಟ್‌ಗೆ ಪಲ್ಸ್ ಕೊಡುತ್ತಾರೆ, ಅದು ಅನುರಣಿಸಿ ಆರಿಹೋಗುತ್ತದೆ. ಬ್ರಿಡ್ಜ್ಡ್-ಟಿ ಎನ್ನುತ್ತಾರೆ. ಇದರ ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಅಂಗಡಿಯಲ್ಲಿ ಸಿಗುತ್ತದೆ: ಟಿಎಲ್072 ಆಪ್-ಆಂಪ್ ಒಂದು, 15 ನ್ಯಾನೊಫ್ಯಾರಡ್‌ನ ಪಾಲಿಯೆಸ್ಟರ್ ಕೆಪಾಸಿಟರ್ ಎರಡು, 10 ಕಿಲೊಓಮ್, 22 ಕಿಲೊಓಮ್ ಮತ್ತು 2.2 ಮೆಗಾಓಮ್ ರೆಸಿಸ್ಟರ್ ಒಂದೊಂದು, 10 ಕಿಲೊಓಮ್ ಪಾಟ್ ಒಂದು, 9 ವೋಲ್ಟ್ ಬ್ಯಾಟರಿ ಎರಡು. ಎರಡೂ ಕೆಪಾಸಿಟರ್‌ಗಳನ್ನು ಸಾಲಾಗಿ ಔಟ್‌ಪುಟ್‌ನಿಂದ ಇನ್ವರ್ಟಿಂಗ್ ಕಾಲಿಗೆ ಹಾಕಿ, ಅವುಗಳ ನಡುವಿನ ಕೂಡಿನಿಂದ 22 ಕಿಲೊಓಮ್ ಗ್ರೌಂಡ್‌ಗೆ, 2.2 ಮೆಗಾಓಮ್ ಎರಡೂ ಕೆಪಾಸಿಟರ್‌ಗಳ ನೆತ್ತಿಯ ಮೇಲಿಂದ ಸೇತುವೆಯಂತೆ. ನಾನ್-ಇನ್ವರ್ಟಿಂಗ್ ಕಾಲನ್ನು 10 ಕಿಲೊಓಮ್‌ನಿಂದ ಗ್ರೌಂಡ್‌ಗೆ ಕಟ್ಟಿ, ಅಲ್ಲಿಗೇ 1 ವೋಲ್ಟಿನ, 1 ಮಿಲಿಸೆಕೆಂಡ್ ಉದ್ದದ ಪಲ್ಸ್ ಕೊಡಿ. 48 ಹರ್ಟ್ಸ್‌ನ ಏಟೊಂದು 3 ವೋಲ್ಟ್ ಎತ್ತರಕ್ಕೆ ಎದ್ದು, ಕಾಲು ಸೆಕೆಂಡಿನೊಳಗೆ ಆರುತ್ತದೆ. 22ರ ಬದಲು 47 ಕಿಲೊಓಮ್, 2.2ರ ಬದಲು 1 ಮೆಗಾಓಮ್ ಹಾಕಿದರೆ ಸ್ವರ ಬಹುತೇಕ ಅದೇ, 49 ಹರ್ಟ್ಸ್, ಬಾಲ ಮಾತ್ರ ಅರ್ಧಕ್ಕಿಂತ ಮೊಟಕು. ಅಂಗಡಿಯವರು ಪಾಲಿಯೆಸ್ಟರ್ ಇಲ್ಲವೆಂದು ಚಿಕ್ಕ ಸೆರಾಮಿಕ್ ಕೆಪಾಸಿಟರ್ ಕೊಟ್ಟರೆ ಬೇಡವೆನ್ನಿ. ಬಿಸಿ ಏರಿದಂತೆ ಅವುಗಳ ನ್ಯಾನೊಫ್ಯಾರಡ್ ಅಳತೆ ಜಾರಿ, ಮಧ್ಯಾಹ್ನ ಕೂಡಿಸಿದ ಶ್ರುತಿ ರಾತ್ರಿ ಇರುವುದಿಲ್ಲ. ಔಟ್‌ಪುಟ್ಟನ್ನು 10 ಕಿಲೊಓಮ್ ಪಾಟ್ ಮೂಲಕ ಇಂಟರ್‌ಫೇಸ್‌ನ ಲೈನ್ ಇನ್‌ಗೆ ಕೊಡಿ, ನೇರವಾಗಿ ಹೆಡ್‌ಫೋನಿಗೆ ಬೇಡ. ಪಿಚ್ ಇಳಿತ ಇದರಲ್ಲಿ ಇಲ್ಲ. ಆ ಸದ್ದನ್ನು ಸ್ಯಾಂಪ್ಲರ್‌ಗೆ ಹಾಕಿಕೊಂಡು ಮೇಲೆ ಹೇಳಿದ ಎರಡು ಎನ್ವಲಪ್‌ಗಳನ್ನು ಅಲ್ಲಿ ಕೊಡಿ.